ರೋಲಿಯ ಮುಂದಿನ ಎಂಟು ವರ್ಷ

ಎಲ್ಲಾ ಶುರುವಾದದ್ದು ಒಂದು ಚಮಚದಿಂದ. ಬೇಸ್‌ಬಾಲ್ ತಂಡಗಳವರೆಲ್ಲ ಚಳಿಗಾಲದ ಸಭೆಗೆಂದು ನ್ಯಾಶ್‌ವಿಲ್ಲಿನ ಹೋಟೆಲಿನಲ್ಲಿ ಸೇರಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಆಟಗಾರ ರೋಲಿ ಬ್ರಿಗ್ಸ್‌ನ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ರೋಲಿ ಅದನ್ನು ನೋಡಿದ, ಬಗ್ಗಲಿಲ್ಲ. ಕಾಲಿನಿಂದ ಮೆಲ್ಲಗೆ ಮೇಜಿನಡಿಗೆ ತಳ್ಳಿ ಬೇರೆ ಚಮಚ ತೆಗೆದುಕೊಂಡ.

ಪಕ್ಕದ ಮೇಜಿನಲ್ಲಿದ್ದ ಮಾರ್ಟಿ ಗ್ರೂಬರ್ ಮೊಟ್ಟೆ ತಿನ್ನುವುದು ಬಿಟ್ಟು ರೋಲಿಯ ಬಗ್ಗದ ಮಂಡಿಯನ್ನೇ ನೋಡಿದ. ಹೆರಾನ್ಸ್ ತಂಡಕ್ಕೆ ಆಟಗಾರರನ್ನು ಆರಿಸಿ ತರುವ ಮ್ಯಾನೇಜರು ಅವನು. ರೋಲಿಗೆ ಮೂವತ್ತಾರು ವರ್ಷ. ಹಳೆಯ ಒಪ್ಪಂದ ಮುಗಿದು ಈಗ ಯಾರ ಹಂಗೂ ಇಲ್ಲದ ಹುಲಿ. ಆ ಹುಲಿಯನ್ನು ಆರು ವರ್ಷಕ್ಕೆ ಕಟ್ಟಿಕೊಳ್ಳಲೇಬೇಕೆಂದು ತಂಡದ ಮಾಲೀಕ ಕ್ಲೈಡ್ ಫೆಂಟನ್ ಹಟ ಹಿಡಿದಿದ್ದ. ಸಹಿ ಬಿತ್ತೆಂದರೆ ಮುಗಿಯಿತು. ಅವನು ಚೆಂಡು ಹೊಡೆಯಲಿ, ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಲಿ, ಆರು ವರ್ಷವೂ ಸಂಬಳ ಎಣಿಸಲೇಬೇಕು.

ಮಾರ್ಟಿ ಮಾಲೀಕನ ಬಳಿಗೆ ಓಡಿದ. “ಸಾಹೇಬ್ರೇ, ಆರು ವರ್ಷ ಬೇಡಿ. ಆ ಮಂಡಿ ಅಷ್ಟು ದಿನ ಬರಲ್ಲ. ಆಟಗಾರ ಅಂತ ತಂದು ಪಿಂಚಣಿ ಕೊಟ್ಟು ಸಾಕಬೇಕಾಗುತ್ತೆ. ಹೊಸ ಹುಡುಗರನ್ನ ತಗೊಳ್ಳೋಕೆ ಕಾಸೇ ಉಳಿಯಲ್ಲ.”

“ಡಾಕ್ಟ್ರು ನೋಡಿ ಸರಿಯಾಗಿದೆ ಅಂದಿದಾರಲ್ಲಯ್ಯ!”

“ಇವತ್ತಿಗೆ ಸರಿಯಾಗಿದೆ. ನಲವತ್ತೆರಡಕ್ಕೆ?”

“ಅವನ ಹೆಸರಿನ ಟೋಪಿ ಆಗಲೇ ಹೊಲಿಯೋಕೆ ಕೊಟ್ಟಾಗಿದೆ. ಸಾಯಂಕಾಲದೊಳಗೆ ಅವನನ್ನ ಕರ್ಕೊಂಡು ಬಾ. ಇಲ್ಲಾಂದ್ರೆ ನೀನೂ ಬರಬೇಡ.”

ಮಾರ್ಟಿಯ ಸಹಾಯಕ ಅರ್ನಿಗೆ ಕೇಳದಿದ್ದರೂ ಉಪಾಯ ಹೇಳುವ ಚಟ. “ಬೇರೆ ಯಾರಾದ್ರೂ ಜಾಸ್ತಿ ವರ್ಷ ಕೊಟ್ರೆ ಅವನು ತಾನಾಗೇ ಅಲ್ಲಿಗೆ ಹೋಗ್ತಾನೆ. ಆಗ ನಿಮ್ಮ ತಪ್ಪೇನಿರುತ್ತೆ? ಬೇರೆ ತಂಡದೋರ ಕಿವಿಗೆ ಬೀಳೋ ಹಾಗೆ ಅವನನ್ನ ಸ್ವಲ್ಪ ಹೊಗಳಿ ನೋಡಿ.”

ಆ ಸಭೆಯ ರೀತಿಯೇ ಹಾಗೆ. ಗಟ್ಟಿಯಾಗಿ ಹೇಳಿದ್ದನ್ನು ಯಾರೂ ನಂಬುವುದಿಲ್ಲ. ಪಿಸುಗುಟ್ಟಿದ್ದು ಕಾಫಿ ಆರುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಾರ್ಟಿ ಕ್ರಿಸ್ಮಸ್ ಮರದ ಹಿಂದೆ ನಿಂತು, ಆ ಕಡೆ ಯಾರೂ ಇಲ್ಲದ ಫೋನಿನಲ್ಲಿ ಪಿಸುಗುಟ್ಟಿದ. “ರೋಲಿದು ಇಪ್ಪತ್ತರ ಹುಡುಗನ ಮಂಡಿ. ಯಾರಿಗೂ ಹೇಳಬೇಡ.”

ಸುದ್ದಿ ಮೊದಲು ತಲುಪಿದ್ದು ಕ್ಲೈಡನ ಕಿವಿಗೇ! ಅವನು ಏದುಸಿರು ಬಿಡುತ್ತಾ ಬಂದ. “ನಿನ್ನ ಮಾತು ಕೇಳಿದ್ರೆ ಕೆಡ್ತಿದ್ದೆ! ಇಪ್ಪತ್ತರ ಹುಡುಗನ ಮಂಡಿಯಂತೆ. ಏಳು ವರ್ಷ ಕೊಡು!”

ಮಾರ್ಟಿಗೆ ಅಳುವುದೊಂದು ಬಾಕಿ. ನೇರವಾಗಿ ಎದುರಾಳಿ ಮ್ಯೂಲ್ಸ್ ತಂಡದ ಒಡತಿ, ಎಂಬತ್ತು ದಾಟಿದ ಶ್ರೀಮತಿ ಒಪರ್ಮನ್ನರ ಬಳಿ ಹೋಗಿ ಕೂತ.

“ನಿಜ ಹೇಳಪ್ಪಾ,” ಅಂದರು ಆಕೆ, “ಆ ರೋಲಿಗೆ ವಯಸ್ಸಾಗಿಲ್ವಾ?”

“ವಯಸ್ಸಾ? ಅಮ್ಮಾ, ಅವನು ಎರಡೆರಡು ಮೆಟ್ಟಿಲು ಹಾರ್ತಾನೆ!”

ಅದೇ ಹೊತ್ತಿಗೆ ರೋಲಿ ಮೆಟ್ಟಿಲಿಳಿದು ಬಂದ. ಕಂಬಿ ಹಿಡಿದು, ಅಡ್ಡ ತಿರುಗಿ, ತುಂಬಿದ ಕೊಡ ಹೊತ್ತವನಂತೆ ಒಂದೊಂದೇ ಹೆಜ್ಜೆ. ಮಾರ್ಟಿಯ ಮೈಯೆಲ್ಲ ಬೆವರಿತು.

“ನೋಡಿದ್ರಾ ಶಿಸ್ತು!” ಅಂದುಬಿಟ್ಟ. “ಆಟದ ಹೊರಗೆ ಒಂದು ಹೆಜ್ಜೆನೂ ದುಂದು ಮಾಡಲ್ಲ. ಎಲ್ಲಾ ಉಳಿಸಿಡ್ತಾನೆ.”

ಮುದುಕಿಯ ಕಣ್ಣರಳಿತು. ಊಟದ ಹೊತ್ತಿಗೆ ಆಕೆಯಿಂದ ರೋಲಿಗೆ ಎಂಟು ವರ್ಷದ ಕರೆ ಹೋಯಿತು. ಕ್ಲೈಡ್ ಒಂಬತ್ತಕ್ಕೆ ಏರುತ್ತಿದ್ದನೇನೋ, ಅವನ ಹೆಂಡತಿ ಬಿಡಲಿಲ್ಲ. ಮಧ್ಯಾಹ್ನ ರೋಲಿ ಮ್ಯೂಲ್ಸ್ ಟೋಪಿ ಹಾಕಿ ಫೋಟೋಕ್ಕೆ ನಿಂತ. ಸಂಜೆ ಕ್ಲೈಡ್ ಮಾರ್ಟಿಯನ್ನು ಕೆಲಸದಿಂದ ತೆಗೆದ. ತಪ್ಪು ಯಾರದೆಂದು ಕೇಳುವ ವ್ಯವಧಾನ ಆ ಮನುಷ್ಯನಿಗೆಲ್ಲಿ? ಅರ್ನಿಯೂ ಎಲ್ಲಿ ಮಾಯವಾದನೋ, ಕಾಣಲಿಲ್ಲ.

ಮಾರ್ಟಿಗೆ ದುಃಖವಾಯಿತು, ಸುಳ್ಳಲ್ಲ. ಆದರೂ ತನ್ನ ತಂಡ ಉಳಿಯಿತು, ನಾಲ್ಕು ಹುಡುಗರಿಗೆ ದಾರಿಯಾಯಿತು ಎಂಬ ನೆಮ್ಮದಿಯೂ ಇತ್ತು. ಪೆಟ್ಟಿಗೆ ಕಟ್ಟುತ್ತಿದ್ದಾಗ ಶ್ರೀಮತಿ ಒಪರ್ಮನ್ ಬಾಗಿಲು ತಟ್ಟಿದರು.

“ಕೆಲಸ ಹೋಯ್ತಂತಲ್ಲ. ನಮ್ಮ ತಂಡಕ್ಕೆ ಮ್ಯಾನೇಜರಾಗಿ ಬಾರಪ್ಪಾ.”

ಮಾರ್ಟಿ ಕಣ್ಣೊರೆಸಿಕೊಂಡ. “ನಿಮ್ಮ ಮ್ಯಾನೇಜರು?”

“ರೋಲಿಗೆ ಎಂಟು ವರ್ಷ ಅಂದಿದ್ದಕ್ಕೆ ಸಿಟ್ಟು ಮಾಡ್ಕೊಂಡು ಬಿಟ್ಟುಹೋದ. ಹೋಗ್ಲಿ ಬಿಡು. ಆ ರೋಲಿ ಮೇಲೆ ಮನಸಾರೆ ನಂಬಿಕೆ ಇರೋನು ಇಡೀ ದೇಶದಲ್ಲಿ ನೀನೊಬ್ಬನೇ. ಎಂಟು ವರ್ಷ ಅವನನ್ನ ನಿಲ್ಲಿಸಿ ಆಡಿಸೋದು ನಿನ್ನ ಹೊಣೆ. ನಿನಗೂ ಎಂಟು ವರ್ಷದ ಒಪ್ಪಂದ. ಐವತ್ತೆಂಟು ಆದೋನಿಗೆ ಇಷ್ಟು ವರ್ಷ ಯಾಕೆ ಅಂತ ನಮ್ಮ ವಕೀಲರು ಬಡ್ಕೊಂಡ್ರು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ.”

ಮಾರ್ಟಿ ಪೆಟ್ಟಿಗೆಯ ಮೇಲೇ ಒಪ್ಪಂದದ ಕಾಗದ ಹರವಿಕೊಂಡು ಸಹಿ ಹಾಕಿದ. ಆಮೇಲೆ ನೇರವಾಗಿ ರೋಲಿಯ ಕೋಣೆಗೆ ಹೋಗಿ ಬಾಗಿಲು ಬಡಿದ.

“ಏಳೋ ರೋಲಿ, ಕೆಳಗೆ ಈಜುಕೊಳ ಇದೆ. ಮಂಡಿಗೆ ಒಳ್ಳೇದಂತೆ.”

“ಮಂಡಿಗಾ? ನನ್ನ ಮಂಡಿಗೇನಾಗಿದೆ?”

“ನಿನ್ನ ಮಂಡಿಗೇನೂ ಆಗಿಲ್ಲಪ್ಪ,” ಅಂದ ಮಾರ್ಟಿ, ಅವನ ಕೈಹಿಡಿದು ಲಿಫ್ಟಿನ ಕಡೆ ನಡೆಸುತ್ತಾ. “ಇನ್ನು ಎಂಟು ವರ್ಷ ಏನೂ ಆಗೋ ಹಾಗಿಲ್ಲ!”