ಹುಣಸೆ ರಾಶಿ ಮೇಲೆ ಕಿರುಚಿದ ಪಿನ್‌ಪಾಯಿಂಟರ್

ಹಿಂದೂಪುರದಲ್ಲಿ ರಿಪೇರಿ ಅಂಗಡಿ ಇಡುತ್ತೇನೆ ಅಂದಾಗ ನಮ್ಮ ಯಜಮಾನರ ಅಣ್ಣ, ಅಂದರೆ ನನ್ನ ಭಾವ, ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದರು: "ನಾಲ್ಕನೇ ಕ್ಲಾಸು ಓದಿದೋಳು ಮೆಷಿನ್ನು ಬಿಚ್ತಾಳಂತೆ. ಬಿಚ್ಚೋದು ಯಾರಾದ್ರೂ ಬಿಚ್ತಾರೆ ಕಣಮ್ಮ, ಮುಚ್ಚೋದು ಯಾರು?"

ಅವತ್ತಿನಿಂದ ಬಿಚ್ಚಿದ್ದನ್ನೆಲ್ಲ ಮುಚ್ಚಿದ್ದೇನೆ. ಮಿಕ್ಕ ಸ್ಕ್ರೂಗಳಿಗೆ ಒಂದು ಡಬ್ಬಿ ಇಟ್ಟಿದ್ದೇನೆ, ಅಷ್ಟೆ.

ಅಂಗಡಿಗೆ ಬರುವ ಸಾಮಾನಿನಲ್ಲಿ ಅರ್ಧ ತಾನಾಗಿ ಕೆಟ್ಟಿರುತ್ತದೆ, ಇನ್ನರ್ಧ ಜನ ಕೆಡಿಸಿರುತ್ತಾರೆ. ಹಾಗಾಗಿ ನಗುವಂಥದ್ದು ಏನಾದರೊಂದು ವಾರಕ್ಕೆರಡು ಸಲ ನಡೆದೇ ನಡೆಯುತ್ತದೆ. ಆದರೆ ಒಂದೇ ಸಾಮಾನು, ಒಂದೇ ವಾರದಲ್ಲಿ, ಮತ್ತೆ ಮತ್ತೆ ನನ್ನ ಮಾನ ತೆಗೆದದ್ದು ಅದೊಂದೇ.

ಅದು ಪಿನ್‌ಪಾಯಿಂಟರ್. ಕ್ಯಾರೆಟ್ಟಿನ ಬಣ್ಣ, ಹೆಚ್ಚುಕಡಿಮೆ ಅದೇ ಆಕಾರ. ತುದಿಯ ಹತ್ತಿರ ಕಬ್ಬಿಣವೋ ತಾಮ್ರವೋ ಬಂದರೆ ಕೀಂ ಅನ್ನುತ್ತದೆ. ಹುಣಸೆಹಣ್ಣಿನ ವ್ಯಾಪಾರದ ಸಾಹುಕಾರರೊಬ್ಬರು ರಾಶಿಯಲ್ಲಿ ಸೇರಿಕೊಂಡ ಮೊಳೆ, ತಂತಿಚೂರು ಹುಡುಕಲು ಅದನ್ನು ತರಿಸಿದ್ದರು. ಅವರ ಸರಕಿನಲ್ಲಿ, ಅದನ್ನು ಕೊಳ್ಳುವ ಚೆನ್ನೈ ಪಾರ್ಟಿಗೆ ಆಗಲೇ ಒಂದು ಮೊಳೆ ಸಿಕ್ಕಿತ್ತು.

"ಗುರುವಾರ ಪಾರ್ಟಿ ಕಡೆಯೋನು ನೋಡೋಕೆ ಬತ್ತಾನೆ," ಅಂದರು ಸಾಹುಕಾರರು. "ಇನ್ನೊಂದು ಮೊಳೆ ಸಿಕ್ರೆ ನಮ್ ಸರಕೇ ಬ್ಯಾಡ ಅಂತಾನೆ. ಇದು ಒಂದೊಂದ್ಸಲ ಸುಮ್ನೆ ಕಿರುಚ್ತದೆ, ಒಂದೊಂದ್ಸಲ ಬಾಯೇ ಬಿಡಲ್ಲ. ಸರಿ ಮಾಡ್ಕೊಟ್ರೆ ಹಿಂದೂಪುರ, ಕಲ್ಯಾಣದುರ್ಗ, ಎರಡೂ ಗೋಡೌನಿನ ತೂಕದ ಮೆಷಿನ್ನು, ಚೀಲ ಹೊಲಿಯೋ ಮೆಷಿನ್ನು, ವರ್ಷದ ರಿಪೇರಿ ಪೂರಾ ನಿಂಗೇ. ಆಗ್ಲಿಲ್ಲಾಂದ್ರೆ ಬೆಂಗಳೂರೋನ್ನ ಕರೆಸ್ತೀನಿ."

ಬೆಂಗಳೂರಿನವನ ಹೆಸರು ಕೇಳಿದ ಮೇಲೆ ನಾನು ಯೋಚನೆ ಮಾಡಲಿಲ್ಲ. ಇಸಿದುಕೊಂಡೆ.

೧. ನನ್ನ ಮೇಜು

ಅಂಗಡಿಗೆ ತಂದು ಆನ್ ಮಾಡಿ ಮೇಜಿನ ಕಡೆ ಬಗ್ಗಿದೆನೋ ಇಲ್ಲವೋ, ಕೀಂ! ಬ್ಯಾಟರಿ ಬದಲಾಯಿಸಿದೆ, ಕೀಂ. ಮುಚ್ಚಳದ ಸ್ಪ್ರಿಂಗ್ ಉಜ್ಜಿದೆ, ಕೀಂ. ಬಿಚ್ಚಿ ಒಂದೊಂದು ಬೆಸುಗೆಯನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲ ಸರಿಯಾಗಿತ್ತು. ಮುಚ್ಚಿದೆ. ಕೀಂ.

ಅಂಗಡಿ ಮುಂದೆ ಹೂವು ಮಾರುವಾಕೆ ಬೆಳಗಿನಿಂದ ಸಹಿಸಿಕೊಂಡವಳು ಮಧ್ಯಾಹ್ನ ಎದ್ದು ಬಂದಳು.

"ಅಕ್ಕಾ, ಅದು ಕಬ್ಬಿಣ ಕಂಡ್ರೆ ಕಿರುಚ್ತದೆ ಅಂದ್ಯಲ್ಲ?"

"ಹೂಂ."

"ನಿನ್ ಮೇಜು ಯಾವುದ್ರದ್ದು?"

ನನ್ನ ಮೇಜು ಹಳೆಯ ಲಾರಿಯ ತಗಡಿನದು. ಕಾಲುಗಳೂ ಕಬ್ಬಿಣದವೇ.

"ಗೊತ್ತು," ಅಂದೆ. "ಎಷ್ಟು ಹೊತ್ತು ಕಿರುಚ್ತದೆ ಅಂತ ಪರೀಕ್ಷೆ ಮಾಡ್ತಿದ್ದೆ."

"ಬೆಳಿಗ್ಗೆಯಿಂದಾನಾ?"

"ಗಟ್ಟಿ ಮೆಷಿನ್ನು," ಅಂದೆ.

೨. ಯಾರೂ ಓದದ ಪುಸ್ತಕ

ಮರದ ಸ್ಟೂಲಿನ ಮೇಲೆ ಯಂತ್ರ ಸರಿಯಾಗಿಯೇ ಇತ್ತು. ಹಿಂದೂಪುರದ ಗೋಡೌನಿಗೆ ಕೊಂಡೊಯ್ದು ಕೊಟ್ಟೆ. ಅಲ್ಲಿನ ಗುಮಾಸ್ತರ ಕೈಯಲ್ಲಿ ಅದಕ್ಕೆ ಮಾತೇ ನಿಂತುಹೋಯಿತು. ಸುತ್ತಿಗೆ ತೋರಿಸಿದರೂ ಸುಮ್ಮನೆ.

"ಇದರ ಜೊತೆ ಒಂದು ಪುಸ್ತಕ ಬಂದಿತ್ತಲ್ಲ ಸಾರ್, ಕೊಡಿ," ಅಂದೆ.

"ಅದು ಓದೋಕಲ್ಲಮ್ಮ, ಡಬ್ಬಿಯೊಳಗೆ ಅಲ್ಲಾಡಬಾರ್ದು ಅಂತ ಇಟ್ಟಿರ್ತಾರೆ."

ನಾನು ಓದು ಕಲಿತಿದ್ದು ಬೋಂಡ ಕಟ್ಟಿಕೊಟ್ಟ ಪೇಪರಿನಲ್ಲಿ. ಇಂಗ್ಲಿಷನ್ನು ಆಮೇಲೆ ಮಿಕ್ಸಿ, ಮೋಟರಿನ ಪುಸ್ತಕಗಳಿಂದ ಡಿಕ್ಷನರಿ ಇಟ್ಟುಕೊಂಡು ಕಲಿತೆ. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತದೆ, ಆದರೆ ಒಂದು ಪದವನ್ನೂ ಬಿಡುವುದಿಲ್ಲ. ಮೂರನೇ ಪುಟದಲ್ಲಿ ಸಿಕ್ಕಿತು: ಆನ್ ಮಾಡುವಾಗ ಹತ್ತಿರ ಲೋಹ ಇರಬಾರದು. ಇದ್ದರೆ ಯಂತ್ರ ಅದನ್ನೂ ಅದಕ್ಕಿಂತ ಚಿಕ್ಕ ಲೋಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗುಮಾಸ್ತರು ಪ್ರತಿಸಲವೂ ಅದನ್ನು ತೂಕದ ಯಂತ್ರದ ಕಬ್ಬಿಣದ ಹಲಗೆ ಮೇಲಿಟ್ಟೇ ಆನ್ ಮಾಡುತ್ತಿದ್ದರು. ವಿಷಯ ಬಿಡಿಸಿ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ಒಳಗೆ ಕೂತಿದ್ದ ಸಾಹುಕಾರರ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು:

"ಅಂಗಾದ್ರೆ ಇದೂ ನಮ್ ಸಾವ್ಕಾರ್ರಂಗೇ ಕಣಮ್ಮ. ಯಾವಾಗ್ಲೂ ಪಕ್ಕದಾಗೇ ಇರೋರು ಕಣ್ಣಿಗೇ ಬೀಳಂಗಿಲ್ಲ."

೩. ಕಲ್ಯಾಣದುರ್ಗದ ಸಮುದ್ರ

ಮಂಗಳವಾರ ಸಾಹುಕಾರರ ಫೋನು. ಕಲ್ಯಾಣದುರ್ಗದ ಗೋಡೌನಿನಲ್ಲಿ ಯಂತ್ರ ಪ್ರತಿ ರಾಶಿಗೂ ಕಿರುಚುತ್ತಿದೆಯಂತೆ. ಬಸ್ಸು ಹತ್ತಿ ಹೋದೆ.

ಅಲ್ಲಿ ಆಗಲೇ ಜಗಳ. ಹುಣಸೆ ಬೀಜ ಬಿಡಿಸುವ ಹೆಂಗಸರನ್ನೆಲ್ಲ ಮೇಸ್ತ್ರಿ ಸಾಲಾಗಿ ನಿಲ್ಲಿಸಿ, ಯಾರ ಮೂಗುಬಟ್ಟು ಇಲ್ಲ, ಯಾರ ಕಾಲುಂಗುರ ಇಲ್ಲ ಅಂತ ಎಣಿಸುತ್ತಿದ್ದ. ಒಬ್ಬಳು, "ನಮ್ ಕಾಲು ನೋಡೋಕೆ ಸಂಬ್ಳ ಕೊಡ್ತಾರೇನ್ಲಾ ನಿಂಗೆ?" ಅಂತ ಬಾಯಿ ಮಾಡುತ್ತಿದ್ದಳು. ಒಂದು ಪೂರ್ತಿ ರಾಶಿಯನ್ನು ಕೈಯಲ್ಲಿ ಜಾಲಾಡಿದ್ದರು. ಗುಂಡುಸೂಜಿಯೂ ಸಿಕ್ಕಿರಲಿಲ್ಲ.

ನಾನೂ ಹುಡುಕಿದೆ. ಬ್ಯಾಟರಿ ಸರಿ, ಆನ್ ಮಾಡಿದ ಜಾಗ ಸರಿ. ನೆಲದ ಮೇಲೆ ಸುಮ್ಮನಿರುವ ಯಂತ್ರ, ರಾಶಿಗೆ ಚುಚ್ಚಿದರೆ ಕೀಂ. ಪುಸ್ತಕ ತೆಗೆದು ಕೂತೆ. ಎಲ್ಲರಿಗಿಂತ ವಯಸ್ಸಾದ ಕೂಲಿಯಜ್ಜಿ ಪಕ್ಕ ಬಂದು ಕೂತು, "ಏನೈತೆ ಅದ್ರಾಗೆ? ಜೋರಾಗಿ ಓದು," ಅಂದಳು.

ನಿಧಾನಕ್ಕೆ ಕನ್ನಡಕ್ಕೆ ತಿರುಗಿಸಿ ಓದುತ್ತಾ ಬಂದೆ. ಏಳನೇ ಪುಟದ ಅರ್ಧಕ್ಕೆ ನಿಲ್ಲಿಸಿದೆ.

"ಯಾಕೆ ಬಿಟ್ಟೆ?"

"ಇದು ಬ್ಯಾಡಜ್ಜಿ. ಸಮುದ್ರದ ಹಸಿ ಮರಳಿನಾಗೆ ಹುಡುಕುವಾಗ ಕಿರುಚಿದ್ರೆ ಏನ್ ಮಾಡ್ಬೇಕು ಅಂತೈತೆ. ಕಲ್ಯಾಣದುರ್ಗದಾಗೆ ಸಮುದ್ರ ಎಲ್ಲೈತೆ?"

"ಸಮುದ್ರದ ಮರಳಿನಾಗೆ ಏನಿರ್ತದೆ?"

"ಉಪ್ಪು."

ಅಜ್ಜಿ ರಾಶಿಯಿಂದ ಒಂದು ಚೂರು ಹುಣಸೆಹಣ್ಣು ಕಿತ್ತು ನನ್ನ ಬಾಯಿಗಿಟ್ಟಳು. ಉಪ್ಪೋ ಉಪ್ಪು! ಹುಳ ಬೀಳಬಾರದು ಅಂತ ಹಿಂದಿನ ದಿನವೇ ಉಪ್ಪು ಹಾಕಿ ಕಲಸಿದ್ದರು, ಇನ್ನೂ ಹಸಿಯಾಗಿತ್ತು. ಪುಸ್ತಕದಲ್ಲಿದ್ದಂತೆ ಒಂದು ಗುಂಡಿ ಎರಡು ಸಲ ಒತ್ತಿ ಯಂತ್ರದ ಚುರುಕು ತಗ್ಗಿಸಿದೆ. ಸುಮ್ಮನಾಯಿತು.

ಮೇಸ್ತ್ರಿ ಮುಖ ಒರೆಸಿಕೊಂಡು, "ಇದನ್ನ ಮೊದ್ಲೇ ಹೇಳ್ಬಾರ್ದಾಗಿತ್ತಾ ಅಜ್ಜಿ?" ಅಂದ.

"ನೀನು ಕಾಲು ನೋಡ್ತಿದ್ಯಲ್ಲಪ್ಪ," ಅಂದಳು ಅಜ್ಜಿ.

೪. ಗುರುವಾರ

ಗುರುವಾರ ಬೆಳಿಗ್ಗೆ ಹಿಂದೂಪುರದ ಗೋಡೌನಿಗೆ ಪಾರ್ಟಿ ಕಡೆಯವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು. ಸಾಹುಕಾರರ ತಾಯಿ, ಎಲ್ಲರೂ ಅವ್ವ ಅನ್ನುವವರು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಂತ್ರಕ್ಕೆ ಅವರೇ ಪೂಜೆ ಮಾಡಿದ್ದರು: ವಿಭೂತಿ, ಕುಂಕುಮ, ಸುತ್ತ ಚೆಂಡುಹೂವಿನ ಮಾಲೆ. ಸಾಹುಕಾರರು ನಾನು ಹೇಳಿಕೊಟ್ಟಂತೆಯೇ ಬಯಲಲ್ಲಿ ಆನ್ ಮಾಡಿ, ಮೊದಲ ರಾಶಿಯ ಮೇಲೆ ಕೈಯಾಡಿಸಿದರು.

ಕೀಂ. ಕೀಂ. ಕೀಂ.

ಎರಡನೇ ರಾಶಿ. ಕೀಂ. ಮೂರನೆಯದು. ಕೀಂ.

"ಏಂಟಿ ಸಾಹುಕಾರ್ ಇದಿ? ಪ್ರತಿ ಕುಪ್ಪಲೋ ಇನುಮೇನಾ?" ಅಂದ ಪಾರ್ಟಿಯವನು, ಪ್ರತಿ ರಾಶಿಯಲ್ಲೂ ಕಬ್ಬಿಣವೇನಾ ಅಂತ. ರಟ್ಟಿನ ಮೇಲೆ ಬರೆಯಲು ಶುರು ಮಾಡಿದ. ಸಾಹುಕಾರರು ನನ್ನನ್ನು ನೋಡಿದ ನೋಟದಲ್ಲಿ ಬೆಂಗಳೂರಿನವನು ಆಗಲೇ ರೈಲು ಹತ್ತಿದ್ದ.

ಯಂತ್ರ ಇಸಿದುಕೊಂಡೆ. ಕೈ ಅಲ್ಲಾಡದಂತೆ ಹಿಡಿದರೆ ಸುಮ್ಮನಿರುತ್ತದೆ, ಆಡಿಸಿದರೆ ಕಿರುಚುತ್ತದೆ. ಚೆಂಡುಹೂವು ಸರಿಸಿ ನೋಡಿದೆ. ಒಳಗೆ ಕಪ್ಪು ದಾರದಲ್ಲಿ ಒಂದು ತಾಮ್ರದ ತಾಯತ ತೂಗಾಡುತ್ತಿತ್ತು.

"ಅವ್ವಾ, ಇದೇನಿದು?"

"ವಾರದಿಂದ ಕಿರುಚ್ತಾ ಐತಂತಲ್ಲಮ್ಮ," ಅಂದರು ಅವ್ವ. "ದೃಷ್ಟಿಯಾಗಿ ಕೂಸು ಹಿಂಗೆ ಕಿರುಚಿದ್ರೆ ತಾಯತ ಕಟ್ಟಲ್ವಾ? ಅಯ್ನೋರ ಹತ್ರ ಮಂತ್ರಿಸ್ಕೊಂಡು ಬಂದು ಕಟ್ಟಿದೀನಿ."

"ಅವ್ವಾ, ಈಗ ಇದಕ್ಕೇ ಕಿರುಚ್ತಿರೋದು. ಬಿಚ್ಚಿಬಿಡ್ಲಾ?"

"ಮುಟ್ಟಬ್ಯಾಡ! ಕಟ್ಟಿದ ತಾಯತ ಬಿಚ್ಚಿ ನೆಲಕ್ಕಿಡಂಗಿಲ್ಲ. ಬಿಚ್ಚಿದ್ರೆ ಇನ್ನೊಂದು ಮೈಗೇ ಕಟ್ಟಬೇಕು."

ಸಾಹುಕಾರರು ಹಿಂದಕ್ಕೆ ಸರಿದರು. ಗುಮಾಸ್ತರು ಇನ್ನೂ ಹಿಂದಕ್ಕೆ. ನನ್ನ ಕೈಗೆ ಕಟ್ಟಿದರೆ ಯಂತ್ರ ಹಿಡಿಯುವಂತಿಲ್ಲ. ಉಳಿದವನು ಒಬ್ಬನೇ.

"ಅವ್ವಾ, ಈ ಸಾರ್ ಚೆನ್ನೈಯಿಂದ ಬಂದವ್ರೆ. ದಾರಿ ದೂರ," ಅಂದೆ.

ಅವ್ವ ಕುರ್ಚಿಯಿಂದ ಎದ್ದರು. ಎಂಬತ್ತು ದಾಟಿದ ಕೈ ದಾರ ಹಿಡಿದುಕೊಂಡು ಬಂದರೆ ಯಾರು ತಾನೇ ಬೇಡ ಅಂದಾರು? ಬಿಳಿ ಅಂಗಿಯ ತೋಳು ಮಡಚಿ, ಮೂರು ಗಂಟು ಹಾಕಿ ಕಟ್ಟಿದರು.

ಆಮೇಲೆ ಯಂತ್ರವನ್ನು ನಾನೇ ಹಿಡಿದೆ. ಒಂದು, ಎರಡು, ಮೂರು, ಯಾವ ರಾಶಿಗೂ ಸದ್ದಿಲ್ಲ. ನಾಲ್ಕನೆಯದರಲ್ಲಿ ಕೀಂ! ಕೈ ಹಾಕಿ ತೆಗೆದೆ. ಹೊಳೆಯುವ ಹೊಸ ಮೊಳೆ.

ಪಾರ್ಟಿಯವನು ನಕ್ಕ. ಯಂತ್ರ ನಿಜವಾಗಿ ಹುಡುಕುತ್ತದೋ ಇಲ್ಲವೋ ನೋಡಲು ಅವನೇ ಸೇರಿಸಿದ್ದಂತೆ. ಮೊದಲು ಬರೆದಿದ್ದನ್ನು ಹೊಡೆದು ಹಾಕಿ ಸರಕು ಸರಿಯಿದೆ ಅಂತ ಬರೆದ. ಸಹಿ ಮಾಡಿ ಕಾಗದವನ್ನು ನನ್ನ ಕಡೆ ನೀಡಿದಾಗ, ಅವನ ತೋಳು ಯಂತ್ರದ ತುದಿಗೆ ತಾಕಿತು.

ಕೀಂ!

ಅವ್ವ ಕುರ್ಚಿಯ ಕೈ ಬಡಿದು ಕೂಗಿದರು: "ನೋಡ್ದ್ರಾ? ನಾನು ಹೇಳ್ಲಿಲ್ವಾ! ದೃಷ್ಟಿ ಈವಯ್ಯನದೇ!"

ಎರಡೂ ಗೋಡೌನಿನ ರಿಪೇರಿ ನನಗೇ ಬಂತು, ಈಗಲೂ ನನ್ನಲ್ಲೇ ಇದೆ. ಆ ಕೆಲಸ ನಂಬಿಕೊಂಡು ಬಾಡಿಗೆ ಅಂಗಡಿಯನ್ನು ಕೊಂಡುಕೊಂಡೆ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ, ನನ್ನ ಹೆಸರಿಗೇ ರಿಜಿಸ್ಟರ್. ಅದಕ್ಕೆ ಕಿವಿಯ ಓಲೆ, ಕೈಬಳೆ, ಕೊರಳ ಸರ ಹೋದವು. ತಾಳಿಯ ಜಾಗದಲ್ಲಿ ಅರಿಶಿನದ ಕೊಂಬಿದೆ. ನನ್ನದೇ ಒಂದು ಪಿನ್‌ಪಾಯಿಂಟರ್ ಕೂಡ ಇದೆ. ಅದನ್ನು ನನ್ನ ನೆತ್ತಿಯಿಂದ ಕೆಳಕ್ಕೆ ಹಿಡಿದುಕೊಂಡು ಬಂದರೆ, ಕಾಲುಂಗುರ ಸಿಗುವವರೆಗೂ ಬಾಯಿ ಬಿಡುವುದಿಲ್ಲ.