ಲಾಭ, ಎರಡು, ಮೂರು

ಕಲಿತವರು ತಪ್ಪಿದರೆ ಅದಕ್ಕೆ ಅಭಿಪ್ರಾಯ ಎನ್ನುತ್ತಾರೆ. ನನ್ನಂಥವಳು ಸರಿ ಹೇಳಿದರೂ, ಪಾಪ, ಅದಕ್ಕೇನು ಗೊತ್ತು ಎನ್ನುತ್ತಾರೆ. ನಾನು ಓದಿದ್ದು ಮೂರನೆಯ ಇಯತ್ತೆ. ಆಗ ರಬಕವಿಯ ನಮ್ಮ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಎರಡು ಕೈ ಕಡಿಮೆ ಬಿದ್ದವು. ನನ್ನ ಕೈ ಖಾಲಿ ಇದ್ದವು. ಅದಕ್ಕಾಗಿ ಅಳುತ್ತ ಕೂತವಳಲ್ಲ. ಮುಂದೆ ಓದಿದ್ದರೂ ಇಷ್ಟೇ ಮಾತಾಡುತ್ತಿದ್ದೆ, ಸ್ವಲ್ಪ ಜೋರಾಗಿ ಆಡುತ್ತಿದ್ದೆ, ಅಷ್ಟೇ.

ಮೊಮ್ಮಗಳು ಭಾಗ್ಯಾ ಈಗ ಅದೇ ಮೂರನೆಯ ಇಯತ್ತೆ. ಮಗ, ಸೊಸೆ ಇಬ್ಬರೂ ಪವರ್‌ಲೂಮಿನ ಸದ್ದಿನಲ್ಲಿ ಇರುವವರು. ಅಲ್ಲಿ ನಿಂತು ಎರಡರ ಮಗ್ಗಿ ಹೇಳಿದರೆ ಮಗುವಿಗೆ ಯಾವ ಮಗ್ಗಿ ಕೇಳಿಸೀತೋ ದೇವರೇ ಬಲ್ಲ. ಹಾಗಾಗಿ ಅವಳನ್ನು ಜೋಳದ ಚೀಲದ ಮುಂದೆ ಕೂಡಿಸಿಕೊಂಡು, ಸೇರಿನಿಂದ ಅಳೆಯುತ್ತ ಎಣಿಕೆ ಕಲಿಸಿದವಳು ನಾನು. ಕಾಳು ಅಳೆಯುವಾಗ ನಾವು ಒಂದು ಎಂದು ಶುರು ಮಾಡುವುದಿಲ್ಲ. ಮೊದಲ ಸೇರಿಗೆ ‘ಲಾಭ’ ಎನ್ನಬೇಕು. ಆಮೇಲೆ ಎರಡು, ಮೂರು. ಆರಾದ ಮೇಲೆ ‘ಏಳು’ ಎನ್ನಬಾರದು; ಏಳು ಎಂದರೆ ಕಾಳು ಎದ್ದು ನಡೆದುಬಿಟ್ಟೀತು. ಅದಕ್ಕೆ ‘ಮತ್ತೊಂದು’ ಎನ್ನುವುದು. ನಮ್ಮ ಅತ್ತೆಯವರು ಹೀಗೆಯೇ ಎಣಿಸುತ್ತಿದ್ದರು. ಸೊಸೆಯಾದ ನನ್ನನ್ನು ಒಂದು ದಿನವೂ ಹೊಗಳಿದವರಲ್ಲ, ಆದರೆ ಸೇರು ಕೈಯಲ್ಲಿದ್ದಾಗ ಅವರ ಬಾಯಿಂದ ಒಂದು ಕೆಟ್ಟ ಮಾತು ಬರುತ್ತಿರಲಿಲ್ಲ. ಅದಕ್ಕೇ ಚೀಲ ಹಿಡಿದ ನಾನು ಅಳೆಯುವ ಕೆಲಸ ಆದಷ್ಟು ನಿಧಾನ ಮಾಡುತ್ತಿದ್ದೆ.

ಮೊನ್ನೆ ಶಾಲೆಗೆ ಹೊಸ ಅಕ್ಕೋರು ಬಂದರು. ಶಿಕ್ಷಕಿಯರನ್ನು ನಾವು ಕರೆಯುವುದೇ ಹಾಗೆ. ಅವರು ಮಕ್ಕಳನ್ನು ಮೂರು ಗುಂಪು ಮಾಡಿದರು: ಏನೂ ಬಾರದವರದು ಮೊದಲನೆಯದು, ಎಲ್ಲ ಬರುವವರದು ಮೂರನೆಯದು. ಹುಣಸೆ ಬೀಜ ಮುಂದಿಟ್ಟು ಎಣಿಸು ಎಂದರೆ ಭಾಗ್ಯಾ ‘ಲಾಭ’ ಎಂದಳಂತೆ. ಮಕ್ಕಳೆಲ್ಲ ನಕ್ಕರು. ಆರಾದ ಮೇಲೆ ‘ಮತ್ತೊಂದು’ ಎಂದಾಗ ಅಕ್ಕೋರು, ಮಗುವಿಗೆ ಆರರ ಮುಂದೆ ಬರುವುದಿಲ್ಲ ಎಂದು ಬರೆದುಕೊಂಡರು. ಉಕ್ತಲೇಖನದಲ್ಲಿ ಅವರು ಮನೆ ಎಂದರೆ ಇವಳು ‘ಮನಿ’, ಶಾಲೆ ಎಂದರೆ ‘ಸಾಲಿ’. ಮೊದಲ ಗುಂಪು. ಹುಡುಗಿ ಮನೆಗೆ ಬಂದು ಪಾಟಿಚೀಲ ನೆಲಕ್ಕೆ ಒಗೆದು, “ಇನ್ನ ನಾ ಸಾಲಿಗೆ ಹೋಗಂಗಿಲ್ಲ” ಎಂದಳು. ಎರಡು ದಿನ ಹೋಗಲೂ ಇಲ್ಲ.

ಸೊಸೆ ಶೋಭಾ ನನ್ನ ಮೇಲೆ ತಿರುಗಿದಳು. “ಅತ್ತಿ, ನೀವ ಕಲಿಸಿದ್ದ ಸಾಕ್ರಿ. ನಾಳಿಂದ ಅಕಿನ್ನ ಬನಹಟ್ಟಿಗೆ ಟ್ಯೂಷನ್ನಿಗೆ ಹಚ್ಚತೇನಿ.”

“ಹಚ್ಚವಾ. ಅಕಿಗೆ ಬರಲಾರದ್ದ ಏನೈತಿ, ಅದನ್ನ ಮೊದಲ ಹೇಳು.”

“ಒಂದು ಅನ್ನಾಕ ಬರಂಗಿಲ್ಲಲ್ರಿ!”

“ಲಾಭ ಅನ್ನಾಕ ಬರತೈತಿ. ನಿಮಗ್ಯಾರಿಗೂ ಲಾಭ ಬ್ಯಾಡಾಗಿದ್ರ ನಾ ಏನ ಮಾಡ್ಲಿ?”

ಹುಡುಗಿ ಮೂಲೆಯಲ್ಲಿ ಕೂತು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ನಾನೂ ಇದೇ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ಇವಳು ಬಿಟ್ಟರೆ ಬಿಡಿಸಿದವಳು ನಾನೇ ಆಗುತ್ತೇನೆ. ಮರುದಿನ ಮದುವೆಗೆ ಉಡುವ ಸೀರೆ ಉಟ್ಟು, ಅವಳ ರಟ್ಟೆ ಹಿಡಿದು ಶಾಲೆಗೆ ನಡೆದೆ.

ಅಕ್ಕೋರು ಮೈಸೂರು ಕಡೆಯವರು, ಮೆತ್ತನ್ನ ಹೆಣ್ಣುಮಗಳು. ಜಗಳಕ್ಕೆ ಹೋದವಳಿಗೆ ಕುರ್ಚಿ ಹಾಕಿದರು. ಕೂತು ಜಗಳಾಡಿ ನನಗೆ ರೂಢಿಯಿಲ್ಲ, ನಿಂತೇ ಇದ್ದೆ.

“ಅಜ್ಜಿ, ಒಂದಕ್ಕೆ ಒಂದು ಅಂತ್ಲೇ ಹೇಳ್ಬೇಕಲ್ವಾ?” ಎಂದರು.

“ಹೆಸರ ಬ್ಯಾರೆ ಆದ್ರ ಬೀಜ ಬ್ಯಾರೆ ಆಕ್ಕಾವೇನ್ರಿ? ನಿಮಗ ನಾ ಅಜ್ಜಿ, ಇಕಿಗೆ ಆಯಿ, ನಮ್ಮ ಸೊಸಿಗೆ ಅತ್ತಿ. ಅದಕ್ಕ ನಾ ಮೂರ ಮಂದಿ ಆದ್ನೇನು? ಇಕಿಗೆ ಒಂದ ಲೆಕ್ಕ ಹಾಕಿ ನೋಡ್ರಿ.”

ಅಕ್ಕೋರು ನಗು ತಡೆದುಕೊಂಡು, ನಲವತ್ತೆರಡರಲ್ಲಿ ಹದಿನೇಳು ಕಳೆ ಎಂದು ಬೋರ್ಡಿನ ಮೇಲೆ ಬರೆದರು. ಹತ್ತು ಒಡೆದು ಕಳೆಯುವುದನ್ನು ನಾನು ಕಲಿಸಿದ್ದು ಹತ್ತತ್ತು ಜೋಳದ ಕಾಳಿನ ಗುಂಪಿಗಳನ್ನು ಕೆಡವಿ. ಬೋರ್ಡಿನ ಮೇಲೆ ಕೆಡವಲು ಏನಿದೆ? ಹುಡುಗಿ ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿ, ಯಾವುದೋ ಗುಂಪಿಯನ್ನು ಸರಿಸಿದಳು. “ಇಪ್ಪತ್ತೈದ್ರಿ.”

ಅಕ್ಕೋರು ಈಗ ಬೀಜ ಮುಂದಿಟ್ಟರು. ಭಾಗ್ಯಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಒಂದು ಬೀಜ ಎತ್ತಿ ಹೇಳಿದಳು: “ಅಕ್ಕೋರ, ಬೀಜಕ್ಕ ಒಂದು ಅಂತೀನ್ರಿ. ಆದ್ರ ಮನ್ಯಾಗ ಕಾಳಿಗೆ ಲಾಭನ ಅಂತೀನ್ರಿ.”

“ಇದನ್ನ ಅವತ್ತೇ ಹೇಳ್ಬಾರ್ದಿತ್ತೇನೇ?”

“ನೀವ ಕೇಳಲಿಲ್ಲಲ್ರಿ.”

ಲೆಕ್ಕಕ್ಕೆ ಮೂರನೆಯ ಗುಂಪು ಸಿಕ್ಕಿತು. ಬರಹಕ್ಕೆ ಮಾತ್ರ ಎರಡನೆಯದು, ಮನಿ ಮನೆಯಾಗುವವರೆಗೆ. ಅದಕ್ಕೂ ಒಂದು ವಾದ ಹೂಡಿದ್ದೆ. ಅಷ್ಟರಲ್ಲಿ ಗಂಟೆ ಬಾರಿಸಿಬಿಟ್ಟರು.

ಟ್ಯೂಷನ್ನಿನ ಮಾತು ನಿಂತಿದೆ. ಹುಡುಗಿ ದಿನಾಲೂ ಶಾಲೆಗೆ ಹೋಗುತ್ತಾಳೆ, ಸಂಜೆ ಬಂದು ನನಗೇ ಅಕ್ಕೋರಾಗುತ್ತಾಳೆ. ನೀವು ಓದುತ್ತಿರುವ ಈ ಬರಹವನ್ನು ತಿದ್ದಿದವಳೂ ಅವಳೇ. ನಾನು ‘ಮನಿ’ ಎಂದಲ್ಲೆಲ್ಲ ಕೆಂಪು ಗೆರೆ ಎಳೆದು ‘ಮನೆ’ ಮಾಡಿದ್ದಾಳೆ. ಮಾತಾಡಿದ್ದನ್ನು ಆಡಿದ ಹಾಗೇ ಬಿಡಬೇಕೆಂದು ನಾನು ಹಟ ಹಿಡಿದದ್ದರಿಂದ ಅಷ್ಟು ಉಳಿದಿದೆ. ಎಲ್ಲ ತಿದ್ದಿ ಮುಗಿಸಿ, ಹಾಳೆಯ ಕೆಳಗೆ ‘ಆಯಿ: ಮೊದಲ ಗುಂಪು’ ಎಂದು ಬರೆದು ಕೈಗೆ ಕೊಟ್ಟಳು. ಇದನ್ನು ನಾನು ಒಪ್ಪಿಲ್ಲ. ಸೋಮವಾರ ಮತ್ತೆ ಶಾಲೆಗೆ ಹೋಗುವವಳಿದ್ದೇನೆ, ಈ ಸಲ ನನ್ನ ಸಲುವಾಗಿ.