ಶೇಂಗಾ ಲೆಕ್ಕದ ಓಟ

ನನ್ನ ಹಣೆಬರಹವೇ ಇಷ್ಟು. ನನ್ನ ಪಾಡಿಗೆ ನಾನಿದ್ದರೂ ಫಜೀತಿಗಳು ವಿಳಾಸ ಹುಡುಕಿಕೊಂಡು ಅಮೆರಿಕದ ಯೂನಿಯನ್ ಸಿಟಿಯ ತನಕ ಬರುತ್ತವೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸೀಸೆ ಜೋಡಿಸಿಕೊಂಡಿದ್ದ ನನಗೂ ಓಟಕ್ಕೂ ಏನ್ರೀ ಸಂಬಂಧ?

ಒಂದೇ ಒಂದು ಸಹಿ

ರನ್ನಿಂಗ್ ಕ್ಲಬ್ಬಿನ ಕ್ಯಾಪ್ಟನ್ ಲ್ಯಾಬಿಗೆ ಬಂದ. "ಕ್ಲಬ್ಬಿಗೆ ಸ್ಟಾಫ್ ಅಡ್ವೈಸರ್ ಬೇಕು. ಒಂದು ಸಹಿ ಹಾಕಿ ಸಾಕು, ಬೇರೇನೂ ಕೆಲಸ ಇಲ್ಲ" ಎಂದ. ಹಾಗೆ ಯಾರಾದರೂ ಅಂದರೆ ಎದ್ದು ಓಡಬೇಕು. ನಾನು ಸಹಿ ಹಾಕಿದೆ. ಮರುದಿನ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ನಡುಗುತ್ತಾ ನಿಂತಿದ್ದೆ. "ಒಂದು ರೌಂಡ್ ಬನ್ನಿ" ಅಂತ ಎಲ್ಲರೂ ಓಡಿದರು. ನಾನು ಬಗ್ಗಿ ಷೂ ಲೇಸು ಕಟ್ಟಿ, ಸೊಂಟ ಹಿಡಿದುಕೊಂಡು ಏಳುವಷ್ಟರಲ್ಲಿ ವಾಪಸ್ಸು ಬಂದು, "ಅಯ್ಯೋ, ನೀವು ನಮಗಿಂತ ಮೊದಲೇ ಮುಗಿಸಿದ್ರಾ!" ಎಂದರು. ನಾನೂ ತಿದ್ದಲು ಹೋಗಲಿಲ್ಲ.

ಪಾರ್ಕಿಂಗಿನಲ್ಲಿ ಪ್ರಾಕ್ಟೀಸು

ಇಂಡೋರ್ ಮೀಟು, ಅಂದರೆ ಸೂರಿನಡಿಯ ಕ್ರೀಡಾಕೂಟ, ಹತ್ತಿರ ಬಂತು, ಹೊರಗೆ ಬಿಡದೆ ಮಳೆ. ಕ್ಯಾಪ್ಟನ್ ಎಲ್ಲರನ್ನೂ ಕಾಲೇಜಿನ ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿಗೆ ಕರೆದೊಯ್ದು ಕಾರುಗಳ ನಡುವೆ ಓಡಿಸಿದ. ಸೆಕ್ಯೂರಿಟಿಯವನು ಕಳ್ಳರೆಂದುಕೊಂಡು ಅಟ್ಟಿಸಿಕೊಂಡು ಬಂದ. ಎಲ್ಲರೂ ಪರಾರಿ. ಸಿಕ್ಕಿಬಿದ್ದವಳು ಒಬ್ಬಳೇ, ಪಕ್ಕದೂರು ಫ್ರೀಮಾಂಟಿನ ಫೈನಲ್ ಇಯರ್ ಹುಡುಗಿ.

ನಾನು ನಡುವೆ ಬಂದು "ಇವಳು ನಮ್ಮ ಓಟಗಾರ್ತಿ" ಎಂದೆ.

ಅವನು ಏದುಸಿರು ಬಿಡುತ್ತಾ ತನ್ನ ಹೊಟ್ಟೆ ನೋಡಿಕೊಂಡ, ಅವಳನ್ನು ನೋಡಿದ. "ನನ್ನ ಕೈಗೆ ಸಿಕ್ಕಿದಳಲ್ಲ ಮೇಡಂ, ನಿಜವಾಗಿಯೂ?"

ಕಾರುಗಳ ಹಿಂದೆ ಅವಿತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ನನ್ನ ಕಾರಿನಲ್ಲಿ ಕೂತು ಅತ್ತಳು. ಮೂರು ರೇಸಿನಲ್ಲಿ ಓಡಿದ್ದಳಂತೆ, ಮೂರನ್ನೂ ಅರ್ಧಕ್ಕೇ ಬಿಟ್ಟಿದ್ದಳಂತೆ. ಮಿಕ್ಕವರು ಮುಗಿಸಿ ನೀರು ಕುಡಿಯುವಾಗ ತಾನೊಬ್ಬಳೇ ಓಡುವುದಕ್ಕೆ ನಾಚಿಕೆ. ಮನೆಯಲ್ಲಿ ಕನ್ನಡವಾದರೂ ಅವಳ ಉತ್ತರವೆಲ್ಲ ಇಂಗ್ಲಿಷಿನಲ್ಲೇ. "ಇದೇ ನನ್ನ ಕೊನೇ ಮೀಟು ಆಂಟಿ. ಒಂದು ಸಲವಾದರೂ ಓಟ ಮುಗಿಸಿದವರ ಪಟ್ಟಿಯಲ್ಲಿ ನನ್ನ ಹೆಸರು ಬರಲಿ, ಕೊನೆಯಲ್ಲಿದ್ದರೂ ಸರಿ" ಎಂದಳು.

ಅತ್ತೆಯವರ ಡಬ್ಬಿ

ಮೀಟಿಗೆಂದು ಸಾಂಟಾ ಕ್ಲಾರಾ ಊರಿನ ಒಂದು ದೊಡ್ಡ ಹಾಲಿನಲ್ಲಿ ಹಲಗೆ ಹಾಸಿ ಟ್ರ್ಯಾಕು ಮಾಡಿದ್ದರು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರು ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಹುರಿದ ಶೇಂಗಾ ತುಂಬಿದ ಡಬ್ಬಿ ಸಮೇತ ಹೊರಟರು. ಸಣಕಲರನ್ನು ಕಂಡರೆ ಅವರಿಗೆ ತಡೆಯದು. ಎತ್ತರ ಜಿಗಿತದ ಒಬ್ಬ ಹುಡುಗನಿಗೆ ನಾಲ್ಕು ರೊಟ್ಟಿ ತಿನ್ನಿಸಿಯೇಬಿಟ್ಟರು.

"ಅತ್ತೆ, ಅವನು ಎದುರು ಕ್ಲಬ್ಬಿನವನು!"

"ಹೊಟ್ಟಿಗೆ ಯಾವ ಕ್ಲಬ್ಬವಾ?"

ಪಾಪ, ಆ ಹುಡುಗ ಜಿಗಿಯಲು ಹೋಗಿ ಅಡ್ಡಕೋಲಿನ ಸಮೇತ ಕೆಳಗೆ ಬಿದ್ದ. ನಮ್ಮ ಕ್ಲಬ್ಬಿನವನಿಗೆ ಮೆಡಲು ಬಂತು. ಕ್ಯಾಪ್ಟನ್ ಓಡಿ ಬಂದು ಕೇಳಿದ, "ಇನ್ನೆಷ್ಟು ರೊಟ್ಟಿ ಉಳಿದಿದೆ?"

ಹದಿನೈದು ಸುತ್ತು

ಕೊನೆಗೆ ನಮ್ಮ ಹುಡುಗಿಯ ರೇಸು, ಮೂರು ಸಾವಿರ ಮೀಟರು. ಆ ಪುಟ್ಟ ಟ್ರ್ಯಾಕಿನಲ್ಲಿ ಹದಿನೈದು ಸುತ್ತು. ತಮ್ಮ ಓಟಗಾರರಿಗೆ ಸುತ್ತು ಎಣಿಸಿ ಹೇಳಲು ಕ್ಲಬ್ಬಿನಿಂದ ಒಬ್ಬರು ನಿಲ್ಲಬೇಕಿತ್ತು. ಕ್ಯಾಪ್ಟನ್ ಉದ್ದ ಜಿಗಿತಕ್ಕೆ ಹೋಗಿದ್ದ. ನನಗೆ ಟೆನ್ಷನ್ನಿಗೆ ನಾಲ್ಕರ ಮೇಲೆ ಎಣಿಕೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಹದಿನೈದ ಏನ? ನಾ ಶನಿವಾರಕ್ಕೊಮ್ಮೆ ಹಣಮಪ್ಪಗ ಇಪ್ಪತ್ತೊಂದ ಸುತ್ತ ಹಾಕಾಕಿ" ಎಂದು ಅತ್ತೆಯವರೇ ನಿಂತರು. ಎಡಗೈಯಲ್ಲಿ ಎಣಿಸಿಕೊಂಡ ಒಂದು ಮುಷ್ಟಿ ಶೇಂಗಾ. ಅವಳು ಒಂದು ಸುತ್ತು ಬಂದರೆ ಒಂದು ಶೇಂಗಾ ಬಲಗೈಗೆ.

ಮುಂದಿದ್ದವರೆಲ್ಲ ಮುಗಿಸಿದರು. ನಮ್ಮವಳು ಎರಡು ಸುತ್ತು ಹಿಂದೆ. ತಲೆ ತಗ್ಗಿಸಿದಳು, ನಿಧಾನವಾದಳು, ಟ್ರ್ಯಾಕಿನಿಂದ ಒಂದು ಕಾಲು ಹೊರಗಿಟ್ಟಳು. ಮುಗೀತು ಕಥೆ ಅಂದುಕೊಂಡೆ.

"ಏ ಹುಡುಗೀ!" ಅತ್ತೆಯವರ ಕೂಗಿಗೆ ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಪ್ರದಕ್ಷಿಣಿ ನಡುವ ಬಿಡಬಾರದ! ಇನ್ನೂ ಶೇಂಗಾ ಅದಾವ, ನಡೀ!"

ಕಾಲು ಒಳಗೆ ಹೋಯಿತು. ಎಂಥಾ ಹುಡುಗಿಯಾದರೂ ಅಜ್ಜಿ ಗದರಿದರೆ ಇಲ್ಲ ಅನ್ನುತ್ತಾಳಾ? ಓಡಿದಳು. ಜನ ಎದ್ದು ಚಪ್ಪಾಳೆ ತಟ್ಟಿದರು, ರೊಟ್ಟಿ ತಿಂದ ಹುಡುಗನೂ ತಟ್ಟಿದ. ಗೆರೆ ದಾಟಿದಳು. ನಾನು ಎರಡೂ ಕೈ ಚಾಚಿಕೊಂಡು ಓಡಿದೆ.

"ಇನ್ನೊಂದೈತಿ!" ಎಂದರು ಅತ್ತೆ.

ಅವಳು ನನ್ನನ್ನು ದಾಟಿಕೊಂಡು ಹೋದಳು! "ಮುಗೀತು, ಮುಗೀತು!" ಎಂದು ರೆಫರಿ ಬಾವುಟ ಬೀಸುತ್ತಾ ಹಿಂದೆ ಓಡಿದ. ಅವಳು ಅಜ್ಜಿಯ ಮುಖ ನೋಡಿದಳೇ ಹೊರತು ನಿಲ್ಲಲಿಲ್ಲ. ಪೂರ್ತಿ ಹದಿನಾರು ಸುತ್ತು ಮುಗಿಸಿ ದೊಪ್ಪೆಂದು ಕುಸಿದಳು.

"ಅತ್ತೆ, ಹದಿನೈದೇ ಇದ್ದದ್ದು!"

"ಎಣಿಕಿ ತಪ್ಪೀತಂತ ಒಂದ ಕೊಸರ ಹಾಕಿದ್ದೆ. ದೇವರಿಗೂ ಹಂಗ ಹಾಕ್ತೀನಿ."

ಅಷ್ಟರಲ್ಲಿ ಬೋರ್ಡಿನ ಮೇಲೆ ಪಟ್ಟಿ ಬಂತು. ಎಲ್ಲಕ್ಕಿಂತ ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಹದಿನೈದು ಸುತ್ತಿನ ಟೈಮು. ಅವಳು ಮಲಗಿದಲ್ಲೇ ಅತ್ತಳು. ನಾನೂ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಬೇರೆ ಕ್ಲಬ್ಬಿನವರು ಬಂದು "ನಿನ್ನ ಕೋಚ್ ಯಾರು?" ಅಂತ ಕೇಳಿದರೆ, ನಮ್ಮ ಇಂಗ್ಲಿಷ್ ಹುಡುಗಿ ಅತ್ತೆಯವರ ಕಡೆ ಕೈ ತೋರಿಸಿ ಕನ್ನಡದಲ್ಲೇ ಹೇಳಿದಳು, "ನಮ್ಮ ಅಜ್ಜಿ."

ಅಜ್ಜಿ ಶೇಂಗಾ ಎಲ್ಲ ಅವಳ ಬೊಗಸೆಗೆ ಸುರಿದು, ತಲೆ ಸವರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹದಿನಾರಾತು. ಇಪ್ಪತ್ತೊಂದಕ್ಕ ಇನ್ನ ಐದ ಉಳದಾವ. ಏಳವಾ, ನಾನೂ ಬರ್ತೀನಿ."